ಸಣ್ಣ ಕೌದಿಗೆ ಅಂಚು ಕಟ್ಟೋದು

ಮಳಿ ಹಿಡಿದು ಹೊಲಕ್ಕ ಕಾಲಿಡಾಕ ಆಗಲಿಲ್ಲ. ಅವ್ವನ ಹತ್ರ ಕುಂತು ಕೂಸಿನ ಕೌದಿಗೆ ಅಂಚು ಹೊಲಿಯೋದು ಕಲಿತೆ. ಆಕಿ ಕಣ್ಣಿಗೆ ಈಗ ಸೂಜಿ ಕಾಣೂದಿಲ್ಲ, ಬಾಯಿಲೆ ಹೇಳತಾಳ. ಆ ವಿದ್ಯೆ ಆಕಿ ಜೋಡಿ ಮುಗೀಬಾರದು.

ಕೌದಿ ಮೊದಲು ಹರಿಯೋದು ಅಂಚಿನಾಗ. ಅದಕ್ಕ ಪಟ್ಟಿ ಗಟ್ಟಿ ಹತ್ತಿ ಬಟ್ಟೀದು ಇರಲಿ. 2.5 ಇಂಚು ಅಗಲ ಕತ್ತರಿಸಿ, ಉದ್ದಕ್ಕ ಎರಡು ಮಡಿಕಿ ಮಾಡಿ, ಬಿಚ್ಚಿದ ಬದಿ ಕೌದಿ ಅಂಚಿಗೆ ಹೊಂದಿಸಿ, ಕಾಲು ಇಂಚು ಒಳಗ ಹೊಲೀರಿ. ಮೂಲಿಗೆ ಕಾಲು ಇಂಚು ಇರುವಾಗಲೇ ನಿಲ್ಲಿಸಿ, ಪಟ್ಟಿ ಮ್ಯಾಲ ಮಡಚಿ, ಮತ್ತ ಕೆಳಗ ಇಳಿಸಿ ಮುಂದುವರೀರಿ. ಕಡೀಕ ಹಿಂದಕ್ಕ ತಿರುಗಿಸಿ ಕೈಹೊಲಿಗಿ. ದುಂಡನ ಅಂಚಿದ್ರ ಪಟ್ಟಿ ಓರೆಯಾಗಿ ಕತ್ತರಿಸಬೇಕು, ಆಗ ಸುಕ್ಕಿಲ್ಲದ ಬಾಗತೈತಿ.

ಹಳಿಯಾಳ ಕಡೆ ಸಿದ್ದಿ ಹೆಣ್ಣುಮಕ್ಕಳು ಮೂಲಿಗೆ ಮುಕ್ಕೋನಿ ಹೂ ಸೇರಿಸ್ತಾರ. ಗಂಡಸರ ಕೆಲಸಲ್ಲ ಅನಬ್ಯಾಡ್ರಿ. ಹರಿದ ಚೀಲ ನಾವೇ ಹೊಲೀತೀವಿ, ಸೂಜಿ ಅಷ್ಟ ಸಣ್ಣದು.