ಹೊಸ ಕಾರು, ಮೂರು ಊರು, ಒಂದು ಬಿಲ್ಲು

ಹುಕ್ಕೇರಿಯ ಬಸ್ಸಿನಿಂದ ಗೋಕಾಕದಲ್ಲಿ ಇಳಿದ ತಂಗಿ ಸಲಾಂ ಹೇಳಿದವಳೇ, "ಆಪಾ, ಮೊದಲು ಶೋರೂಮಿಗೆ ಹೋಗೋಣ. ಕರದಂಟು ಆಮೇಲೆ ತಗೊಂಡರಾಯಿತು" ಎಂದಳು. ಗೋಕಾಕಕ್ಕೆ ಬಂದವರು ಕರದಂಟು ಕೊಳ್ಳದೆ ಮರಳುವುದುಂಟೇ? ಅಂಟನ್ನು ಕರಿದು, ಬೆಲ್ಲದ ಪಾಕದಲ್ಲಿ ಒಣ ಕೊಬ್ಬರಿ, ಗೋಡಂಬಿ ಸೇರಿಸಿ ಮಾಡುವ ಈ ಸಿಹಿ ನಮ್ಮೂರಿನ ಗುರುತು. ಆದರೆ ಅಂದು ತಂಗಿಗೆ ಅದರ ನೆನಪೂ ಬೇಕಿರಲಿಲ್ಲ. ಎದೆಗವಚಿಕೊಂಡಿದ್ದ ಅವಳ ಕೈಚೀಲದಲ್ಲಿ ಬ್ಯಾಂಕಿನ ಡಿಮಾಂಡ್ ಡ್ರಾಫ್ಟ್ ಇತ್ತು. ಹನ್ನೊಂದು ವರ್ಷ ಹೊಲಿಗೆ ಯಂತ್ರ ತುಳಿದು ಅವಳು ಕೂಡಿಸಿದ ಹಣ, ಅವಳ ಯಜಮಾನರ ಸಣ್ಣ ಅಂಗಡಿಯ ಉಳಿತಾಯ, ಜೊತೆಗೆ ಮಾರಿದ ಎರಡು ಬಳೆ. ಬಡ್ಡಿಯ ಸಾಲಕ್ಕೆ ಕೈ ಹಾಕಬಾರದೆಂದು ಇಷ್ಟು ವರ್ಷ ಕಾದಿದ್ದರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಾಗ, "ಇನ್ನು ತಡಮಾಡುವುದು ಬೇಡ" ಎಂದು ನಿರ್ಧರಿಸಿದರು.

ಶೋರೂಮಿನಲ್ಲಿ ಕಾರು ಸಿದ್ಧವಾಗಿತ್ತು. ಮೂತಿಗೆ ಕೆಂಪು ರಿಬ್ಬನ್, ಮೇಲೊಂದು ಹೂವಿನ ಹಾರ. ಮಕ್ಕಳು ಆಗಲೇ ಕಿಟಕಿಗೆ ಮುಖ ಒತ್ತಿ ನಿಂತಿದ್ದರು. ಕಾರಿನ ಬೆಲೆ, ರಸ್ತೆ ತೆರಿಗೆ, ವಿಮೆ ಎಲ್ಲವೂ ಮೊದಲೇ ಮಾತಾಗಿತ್ತು. ಸೀಟ್ ಕವರ್, ಮಡ್ ಫ್ಲಾಪ್, ಕಿಟಕಿಯ ಮೇಲಿನ ರೇನ್ ವೈಸರ್, ಕಾಲಡಿಯ ಮ್ಯಾಟ್, ಹಿಂದಿನ ಕ್ಯಾಮೆರಾ - ಇವುಗಳ ಬೆಲೆಯನ್ನೂ ಒಪ್ಪಿಕೊಂಡಿದ್ದೆವು. ಆದರೆ ಕೊನೆಯ ಬಿಲ್ಲಿನ ಅಡಿಯಲ್ಲಿ ಯಾರೂ ಹೇಳದ ಒಂದು ಸಾಲಿತ್ತು. ಫಿಟ್ಟಿಂಗ್ ಚಾರ್ಜು 2,950 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 531 ರೂಪಾಯಿ, ಒಟ್ಟು 3,481.

"ಇದೇನು?" ಎಂದೆ.

"ಲೇಬರ್ ರೀ ಮೇಡಂ. ಎಲ್ಲಾರ ಕಡೆನೂ ತಗೋತೀವ್ರಿ" ಎಂದ ಸೇಲ್ಸ್‌ಮನ್.

ಬಿಡಿಸಿ ಬರೆದುಕೊಡಿ ಎಂದೆ. ಸ್ವಲ್ಪ ಹೊತ್ತಿನ ನಂತರ ಒಂದು ಹಾಳೆ ಬಂತು. ಕ್ಯಾಮೆರಾಕ್ಕೆ 1,200, ಸೀಟ್ ಕವರಿಗೆ 900, ವೈಸರಿಗೆ 350, ಮಡ್ ಫ್ಲಾಪಿಗೆ 300, ಮ್ಯಾಟಿಗೆ 200. ಮ್ಯಾಟ್ ಹಾಸಲು ಇನ್ನೂರು ರೂಪಾಯಿಯೇ ಎಂದು ಕೇಳಿದರೆ ಹುಡುಗ ನಕ್ಕು ಸುಮ್ಮನಾದ. ತಂಗಿ ನನ್ನ ಸೆರಗು ಹಿಡಿದು ಎಳೆದಳು. "ಬಿಡು ಆಪಾ, ಮಕ್ಕಳು ಕಾಯ್ತಿದ್ದಾರೆ." ಮಗಳ ಕಾಲೇಜಿನ ಶುಲ್ಕದ ಎರಡನೇ ಕಂತೆಂದು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ 3,500 ರೂಪಾಯಿಯನ್ನು ಅವಳು ಬಿಚ್ಚಿ ಕೊಟ್ಟಳು.

ಸಹೋದರಿಯರೇ, ಇಂತಹ ಸಾಲು ಬಿಲ್ಲಿನ ಕೊನೆಗೇ ಏಕೆ ಬರುತ್ತದೆಂದು ನನಗೆ ಅಂದು ಅರ್ಥವಾಯಿತು. ಹಾರ ಹಾಕಿ ನಿಲ್ಲಿಸಿದ ಕಾರಿನ ಮುಂದೆ, ಮಕ್ಕಳ ಎದುರು, ಯಾರು ತಾನೇ ಇನ್ನೂರು ಮುನ್ನೂರಕ್ಕೆ ಜಗಳವಾಡುತ್ತಾರೆ? ಚೌಕಾಶಿಯ ವೇಳೆ ಮುಗಿದ ಮೇಲೆ ಬರುವ ಲೆಕ್ಕ ಅದು.

ಕಾರು ಹೊರಡುವ ಮುನ್ನ ಹಿಂಬದಿಯ ಶೆಡ್ಡಿನಲ್ಲಿ ಸೀಟ್ ಕವರ್ ಹಾಕುತ್ತಿದ್ದ ಹುಡುಗನ ಬಳಿ ನಿಂತೆ. ಇಪ್ಪತ್ತು ವರ್ಷವಿರಬಹುದು. ಬೆರಳ ತುದಿಗಳು ಕೆಂಪಾಗಿದ್ದವು. ಸೀಟಿನ ಅಡಿಗೆ ಕೈ ತೂರಿಸಿ ಪಟ್ಟಿಗಳನ್ನು ಎಳೆದು ಕೊಕ್ಕೆಗೆ ಸಿಕ್ಕಿಸುವುದು ಸುಲಭದ ಕೆಲಸವಲ್ಲ. "ತಮ್ಮಾ, ಈ ಫಿಟ್ಟಿಂಗ್ ರೊಕ್ಕದಾಗ ನಿನಗ ಎಷ್ಟು ಬರತೈತಿ?" ಎಂದು ಕೇಳಿದೆ.

"ನಮದು ತಿಂಗಳ ಪಗಾರರೀ ಅಕ್ಕಾರ. ಇದರಾಗ ನಮಗೇನೂ ಬರಂಗಿಲ್ರಿ."

ಶೋರೂಮಿನವರಿಗೂ ಜಾಗದ ಬಾಡಿಗೆ, ಸಲಕರಣೆ, ಸಂಬಳದ ಖರ್ಚು ಇದ್ದೇ ಇದೆ. ಆದರೂ ಆ ಮಾತು ದಾರಿಯುದ್ದಕ್ಕೂ ನನ್ನೊಂದಿಗೆ ಬಂತು.

ಅಮ್ಮಿ ಇರುವುದು ಮೂಡಲಗಿಯಲ್ಲಿ. ಹೊಸ ಕಾರಿನಲ್ಲಿ ಮೊದಲು ಅವರನ್ನು ಕೂರಿಸಬೇಕೆಂಬುದು ತಂಗಿಯ ಆಸೆ. ಗೋಕಾಕದ ಹೊರಗೆ ಲೋಳಸೂರ ಸೇತುವೆಯ ಬಳಿ ಘಟಪ್ರಭೆ ಶಾಂತವಾಗಿ ಹರಿಯುತ್ತಿದ್ದಳು. 2019ರ ಆಗಸ್ಟ್‌ನಲ್ಲಿ ಇದೇ ನದಿ ಉಕ್ಕಿ ಗೋಕಾಕದ ಎಷ್ಟೋ ಮನೆಗಳಿಗೆ ನುಗ್ಗಿದ್ದನ್ನು ಕಂಡವರು ಈ ನೀರನ್ನು ಸುಮ್ಮನೆ ನೋಡಿ ಮುಂದೆ ಹೋಗಲಾರರು. ಆಚೆ ಕಬ್ಬಿನ ಹೊಲಗಳು. ಕಾರ್ಖಾನೆಗಳು ಕಬ್ಬು ನುರಿಸುವ ಕಾಲವಾದ್ದರಿಂದ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು. ಅವುಗಳ ಗಾಲಿಯಿಂದ ಬಿದ್ದ ಕಪ್ಪು ಮಣ್ಣು ರಸ್ತೆಯ ತುಂಬ. ನಮ್ಮ ಸೀಮೆಯಲ್ಲಿ ಮಡ್ ಫ್ಲಾಪ್ ಶೋಕಿಯ ವಸ್ತುವಲ್ಲ, ಅಗತ್ಯದ್ದೇ ಎಂದು ಒಪ್ಪಿಕೊಂಡೆ.

ಹಿಂದೆ ಗೋಕಾಕ ತಾಲೂಕಿನಲ್ಲೇ ಇದ್ದ ಮೂಡಲಗಿ ಈಗ ತಾನೇ ಒಂದು ತಾಲೂಕು. ಅದರ ಹತ್ತಿರದ ಗುರ್ಲಾಪುರ ಕ್ರಾಸ್‌ನ ಹೆಸರು 2025ರ ನವೆಂಬರ್‌ನಲ್ಲಿ ನಾಡಿನ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಟನ್ನಿಗೆ 3,500 ರೂಪಾಯಿ ಕೊಡಿ ಎಂದು ಕಬ್ಬು ಬೆಳೆಗಾರರು ಅಲ್ಲಿ ಹಗಲು ರಾತ್ರಿ ಕುಳಿತಿದ್ದರು. ಕೊನೆಗೆ ಸರಕಾರ 3,300 ಎಂದು ತೀರ್ಮಾನಿಸಿತು. ಬೆವರು ಸುರಿಸಿದವನೇ ತನ್ನ ಬೆಲೆ ಕೇಳಲು ರಸ್ತೆಗಿಳಿಯಬೇಕು. ಆದರೆ ಮ್ಯಾಟ್ ಹಾಸಿದ್ದಕ್ಕೆ ಇನ್ನೂರು ರೂಪಾಯಿ ಎಂದು ಬರೆಯುವವರಿಗೆ ಯಾರನ್ನೂ ಕೇಳಬೇಕಾಗಿಲ್ಲ!

ಅಮ್ಮಿ ಕಾರಿನ ಬಾಗಿಲು ಹಿಡಿದು ದುಆ ಮಾಡಿದರು. ಓಣಿಯವರೆಲ್ಲ ಬಂದು ನೋಡಿದರು. ಚಹಾ ಮುಗಿಸಿ ಹೊರಟಾಗ ಓಣಿ ಇಕ್ಕಟ್ಟಾದ್ದರಿಂದ ಕಾರನ್ನು ಹಿಂದಕ್ಕೆ ತೆಗೆಯಬೇಕಾಯಿತು. ತಂಗಿಯ ಯಜಮಾನರು ರಿವರ್ಸ್ ಗೇರ್ ಹಾಕಿದರು. ಕ್ಯಾಮೆರಾದ ಪರದೆ ಕಪ್ಪಗೆ ಉಳಿಯಿತು. ಅಷ್ಟರಲ್ಲಿ ಸೆನ್ಸರ್ ಕೀಂಯ್ ಎಂದಿತು. ಬ್ರೇಕ್ ಒತ್ತಿ ಇಳಿದು ನೋಡಿದರೆ, ನೆರೆಮನೆಯ ಮೂರು ವರ್ಷದ ಕೂಸು ಹಿಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಗೋಲಿ ಆರಿಸುತ್ತಿತ್ತು. ಅದರ ತಾಯಿ ಓಡಿಬಂದು ಎತ್ತಿಕೊಂಡಳು. ನಮ್ಮಲ್ಲಿ ಯಾರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಅಲ್ಲಾಹನಿಗೆ ಸ್ತುತಿ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಹಿಂಬದಿಯ ಸೆನ್ಸರ್ ಕಡ್ಡಾಯವಾಗಿರುವುದರಿಂದ ಕಂಪನಿಯೇ ಅದನ್ನು ಹಾಕಿ ಕಳುಹಿಸಿತ್ತು. ಸಾವಿರದ ಇನ್ನೂರು ಕೂಲಿ ಕೊಟ್ಟು ಕೂರಿಸಿದ ಕ್ಯಾಮೆರಾ ಮಾತ್ರ ಒಂದೇ ದಿನಕ್ಕೆ ಕಣ್ಣು ಮುಚ್ಚಿತ್ತು.

ಪರಿಚಯದ ಮಿಸ್ತ್ರಿಯೊಬ್ಬರ ಗ್ಯಾರೇಜಿಗೆ ಹೋದೆವು. ನಾನು ಈ ಸಲ ಮೊದಲೇ ಕೇಳಿದೆ, "ನೋಡಿ ಹೇಳಲಿಕ್ಕೆ ಎಷ್ಟು ಚಾಚಾ?" ಅವರು ನಕ್ಕರು. "ನೋಡಾಕ ಏನಮ್ಮಾ, ಒಂದು ಚಾ ಕುಡಸು." ಹಿಂದಿನ ಬಾಗಿಲ ಒಳಗಿನ ಹೊದಿಕೆ ಬಿಚ್ಚಿ ತೋರಿಸಿದರು. ಕ್ಯಾಮೆರಾಕ್ಕೆ ಕರೆಂಟು ರಿವರ್ಸ್ ಲೈಟಿನ ತಂತಿಯಿಂದ ಬರುತ್ತದೆ. ಸರಿಯಾದ ಕ್ರಮವೆಂದರೆ ಕಪ್ಲರ್ ಹಾಕಿ ಜೋಡಿಸುವುದು. ಇಲ್ಲಿ ಕಂಪನಿಯ ತಂತಿಯ ಸಿಪ್ಪೆ ಕೆರೆದು, ಇನ್ನೊಂದು ತಂತಿ ಸುತ್ತಿ, ಟೇಪ್ ಅಂಟಿಸಿದ್ದರು. ಮೂಡಲಗಿಯ ತನಕದ ಕುಲುಕಾಟಕ್ಕೇ ಅದು ಸಡಿಲವಾಗಿತ್ತು.

"ನೀವೇ ಸರಿ ಮಾಡಿಬಿಡಿ" ಎಂದಳು ತಂಗಿ. ಅವರು ಒಪ್ಪಲಿಲ್ಲ. "ನಾ ಕೈ ಹಚ್ಚಿದರ ನಾಳೆ ವಾರಂಟಿ ಕೇಳಿದಾಗ ಹೊರಗ ಮಾಡಿಸೀರಿ ಅಂತಾರ. ಫೋಟೋ ತಕ್ಕೊಂಡು ಅಲ್ಲೇ ಹೋಗ್ರಿ." ಬರಬಹುದಾಗಿದ್ದ ಐನೂರು ರೂಪಾಯಿಯನ್ನು ಬಿಟ್ಟು ನಿಜ ಹೇಳಿದ ಆ ಮನುಷ್ಯನಿಗೆ ನಾವು ಕೊಟ್ಟದ್ದು ಒಂದು ಕಪ್ ಚಹಾ.

ಚಹಾ ಕುಡಿಯುತ್ತಾ ಅವರು ಕೆಲಸದ ಲೆಕ್ಕವನ್ನೂ ಹೇಳಿದರು. ಮ್ಯಾಟ್ ಮತ್ತು ಕಾರಿನ ಹೊದಿಕೆಗೆ ಕೂಲಿಯೇ ಇಲ್ಲ, ಹಾಸಿದರಾಯಿತು. ಮಡ್ ಫ್ಲಾಪಿಗೆ ಎಷ್ಟೋ ಕಾರುಗಳಲ್ಲಿ ಕಂಪನಿಯೇ ರಂಧ್ರ ಬಿಟ್ಟಿರುತ್ತದೆ, ಸ್ಕ್ರೂ ತಿರುಗಿಸಿದರೆ ಮುಗಿಯಿತು. ವೈಸರಿನ ಕೆಲಸ ಚೊಕ್ಕಟ ಒರೆಸಿ ಟೇಪ್ ಅಂಟಿಸುವುದು, ಆಮೇಲೆ ಒಂದು ದಿನ ನೀರು ತಾಗಿಸಬಾರದು. ಸೀಟ್ ಕವರಿಗೆ ನಿಜವಾದ ಶ್ರಮವಿದೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಅದಕ್ಕೆಂದೇ ಹೊಲಿಗೆ ಬಿಟ್ಟ ಕವರನ್ನೇ ಹಾಕಬೇಕು, ಇಲ್ಲವಾದರೆ ಆಪತ್ತಿನ ಹೊತ್ತಿಗೆ ಏರ್‌ಬ್ಯಾಗ್ ಅರಳದು. ಫಾಗ್ ಲೈಟ್, ಕ್ಯಾಮೆರಾ ಮುಂತಾದ ತಂತಿಯ ಕೆಲಸಕ್ಕೆ ಸಮಯವೂ ಬೇಕು, ಕೈಯೂ ಬಲ್ಲದ್ದಾಗಿರಬೇಕು. ತಂಗಿಯ ಯಜಮಾನರಿಗೆ ಮುಂದೊಂದು ಕಬ್ಬಿಣದ ಗಾರ್ಡ್ ಹಾಕಿಸುವ ಮನಸ್ಸಿತ್ತು. ಕೇಂದ್ರ ಸಾರಿಗೆ ಇಲಾಖೆ ಅಂತಹವುಗಳ ವಿರುದ್ಧ 2017ರ ಡಿಸೆಂಬರ್‌ನಲ್ಲೇ ಸೂಚನೆ ಹೊರಡಿಸಿದೆ ಎಂದು ಮಿಸ್ತ್ರಿಯೇ ಎಚ್ಚರಿಸಿದರು. ಪಾದಚಾರಿಗೂ ಅಪಾಯ, ಕಾರಿನಲ್ಲಿದ್ದವರಿಗೂ ಅಪಾಯ.

ಮರುದಿನ ಮಕ್ಕಳ ಹಠಕ್ಕೆ ದಾರಿ ಬಳಸಿ ಗೋಕಾಕ ಜಲಪಾತಕ್ಕೆ ಹೋದೆವು. ಸುಮಾರು 52 ಮೀಟರ್ ಎತ್ತರದ ಬಂಡೆಯಿಂದ ಬೀಳುವ ಘಟಪ್ರಭೆ ಮಳೆಗಾಲ ಕಳೆದ ಮೇಲೆ ತೆಳ್ಳಗಾಗಿದ್ದಳು. ಪಕ್ಕದಲ್ಲೇ 1885ರಲ್ಲಿ ಆರಂಭವಾದ ನೂಲಿನ ಗಿರಣಿ. ಬಹಳ ಹಿಂದೆಯೇ ಇಲ್ಲಿ ನೀರಿನಿಂದ ವಿದ್ಯುತ್ ತೆಗೆದಿದ್ದರು ಎಂದಾಗ ಮಕ್ಕಳು ಬಾಯಿ ತೆರೆದು ಕೇಳಿದರು. ತೂಗುಸೇತುವೆಯನ್ನು ದೂರದಿಂದಲೇ ನೋಡಿ, ಘಟಪ್ರಭಾ ದಾಟಿ ಹುಕ್ಕೇರಿಯ ದಾರಿ ಹಿಡಿದೆವು.

ಹುಕ್ಕೇರಿಯ ಗುರುತು ಆದಿಲ್‌ಶಾಹಿ ಕಾಲದ ಗುಂಬಜ್‌ಗಳು. ಆದರೆ ತಂಗಿಯ ಮನೆಯಲ್ಲಿ ನನ್ನ ಕಣ್ಣು ನಿಂತದ್ದು ಗೋಡೆಗೆ ಸಿಕ್ಕಿಸಿದ್ದ ಕರೆಂಟ್ ಬಿಲ್ಲಿನ ಮೇಲೆ. ಇಲ್ಲಿ ಮನೆಮನೆಗೆ ವಿದ್ಯುತ್ ಹಂಚುವುದು 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ಇಂತಹದ್ದು ಇದೊಂದೇ. ಬಿಲ್ಲಿನಲ್ಲಿ ಎಷ್ಟು ಯೂನಿಟ್, ಯಾವ ದರ, ನಿಗದಿತ ಶುಲ್ಕವೆಷ್ಟು, ತೆರಿಗೆ ಎಷ್ಟು ಎಂದು ಒಂದೊಂದೂ ಬೇರೆ ಬೇರೆ ಸಾಲಿನಲ್ಲಿದೆ. ನೂರಾರು ರೂಪಾಯಿಯ ಬಿಲ್ಲಿಗೆ ಇಷ್ಟು ಲೆಕ್ಕವಿರುವಾಗ ಲಕ್ಷಗಳ ಕಾರಿಗೆ ಏಕಿರಬಾರದು?

ಅಂದು ರಾತ್ರಿ ಚಾಪೆಯ ಮೇಲೆ ಬಿಲ್ಲು ಹರಡಿಕೊಂಡು ಕುಳಿತೆವು. ಮದ್ರಸದಲ್ಲಿ ಇಜಾರಾದ ಪಾಠ ಓದುವಾಗ ಉಸ್ತಾದರು ಮೊದಲು ಕಲಿಸಿದ್ದು ನೆನಪಾಯಿತು. ಕೆಲಸ ಯಾವುದು, ಅದರ ಕೂಲಿ ಎಷ್ಟು ಎಂಬ ಎರಡೂ ಮಾತು ಕೆಲಸಕ್ಕೆ ಮುಂಚೆಯೇ ಇಬ್ಬರಿಗೂ ತಿಳಿದಿರಬೇಕು. ಎಷ್ಟೋ ವರ್ಷ ಮಕ್ಕಳಿಗೆ ಇದನ್ನೇ ಪಾಠ ಮಾಡಿದವಳು ನಾನು. ಆದರೆ ಬುಕಿಂಗ್ ಮಾಡುವ ದಿನ "ಫಿಟ್ಟಿಂಗ್ ಸೇರಿ ಎಷ್ಟು?" ಎಂಬ ಒಂದು ಪ್ರಶ್ನೆ ಕೇಳಲಿಲ್ಲ. ಆ ತಪ್ಪು ನನ್ನದೇ.

ದೇಶದ ಕಾನೂನೂ ಇದಕ್ಕೆ ದೂರವಿಲ್ಲ. ಫಿಟ್ಟಿಂಗ್‌ಗೆ ಕೂಲಿ ಕೇಳುವುದು ಅಪರಾಧವಲ್ಲ. ಆದರೆ ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಕಟ್ಟಿಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ಲು ಕೊಡದಿರುವುದು ಅನುಚಿತ ಪದ್ಧತಿ. ಪೊಟ್ಟಣದ ಮೇಲೆ ಮುದ್ರಿಸಿದ ಎಂ.ಆರ್.ಪಿ.ಗಿಂತ ಹೆಚ್ಚು ಕೇಳುವಂತಿಲ್ಲ. ದೂರು ಹೇಳಲು 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಬಗೆಹರಿಯದಿದ್ದರೆ ಬೆಳಗಾವಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ನಾವೇ ಹೋಗಬಹುದು.

ನಾವು ಅಷ್ಟು ದೂರ ಹೋಗಲಿಲ್ಲ. ತಂಗಿ ತನ್ನ ಕೈಯಾರೆ ಒಂದು ಪತ್ರ ಬರೆದಳು. ಬಿಲ್ಲಿನ ಪ್ರತಿ, ತಂತಿಯ ಫೋಟೋ ಲಗತ್ತಿಸಿದಳು. ನಾಲ್ಕನೇ ದಿನ ಶೋರೂಮಿನಿಂದ ಫೋನ್ ಬಂತು. ಕಪ್ಲರ್ ಹಾಕಿ ಕ್ಯಾಮೆರಾ ಮತ್ತೆ ಜೋಡಿಸಿಕೊಟ್ಟರು. ಅದನ್ನು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಹಾಕಿದರು. ಮ್ಯಾಟಿನ ಇನ್ನೂರು, ಅದರ ಜಿಎಸ್‌ಟಿ 36 ಸೇರಿ 236 ರೂಪಾಯಿ ಮರಳಿ ಬಂತು. ಸೀಟ್ ಕವರಿನ ಕೂಲಿಯನ್ನು ನಾವು ಕೇಳಲಿಲ್ಲ, ಆ ಹುಡುಗನ ಕೆಂಪಾದ ಬೆರಳುಗಳನ್ನು ಕಂಡಿದ್ದೆವು. ಆ ದಿನ ಅವನ ಕೈಗೆ ಒಂದು ಪೊಟ್ಟಣ ಕರದಂಟು ಕೊಟ್ಟು ಬಂದೆವು.

ಕಾರು ಕೊಳ್ಳುವ ಮನೆಗಳಲ್ಲಿ ಹಣದ ಲೆಕ್ಕ ಇಡುವವರು ಹೆಚ್ಚಾಗಿ ನಾವೇ ಅಲ್ಲವೇ? ಆದ್ದರಿಂದ ಬುಕಿಂಗ್ ದಿನವೇ ಪ್ರತಿ ವಸ್ತುವಿನ ಬೆಲೆ ಮತ್ತು ಕೂಲಿಯನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಬೇಡವಾದದ್ದನ್ನು ಅಲ್ಲೇ ಹೊಡೆದು ಹಾಕಿಸಿ. ತಂತಿಯ ಕೆಲಸವನ್ನು ವಾರಂಟಿ ಕೊಡುವವರಲ್ಲೇ ಮಾಡಿಸಿ, ಕಪ್ಲರ್ ಹಾಕಿದ್ದಾರೆಯೇ ಎಂದು ಕೇಳಿ. ಉಳಿದದ್ದನ್ನು ಊರಿನ ಅಂಗಡಿಯಲ್ಲಿ ವಿಚಾರಿಸಿ. ಬೆಲೆಬಾಳುವ ಸಾಮಾನುಗಳಿದ್ದರೆ ವಿಮೆಯ ಪತ್ರದಲ್ಲಿ ನಮೂದಿಸಲು ಮರೆಯಬೇಡಿ. ಮತ್ತು ಹಾರ ಹಾಕುವ ಮುಂಚೆ ಬಿಲ್ಲು ಓದಿ.

ಮಗಳ ಕಾಲೇಜಿನ ಕಂತನ್ನು ತಂಗಿ ಒಂದು ತಿಂಗಳು ತಡವಾಗಿ, ನೂರು ರೂಪಾಯಿ ದಂಡ ಸೇರಿಸಿ ಕಟ್ಟಿದಳು. ಈಗ ಅವಳೇ ಕಾರು ಕಲಿಯುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ ಹೇಳಿದಳು, "ಆಪಾ, ಹಿಂದಕ್ಕೆ ತೆಗೆಯುವಾಗ ಪರದೆ ನೋಡ್ತೀನಿ, ಆದರೂ ಒಮ್ಮೆ ಇಳಿದು ಹಿಂದೆ ನೋಡದೆ ತೆಗೆಯೋದಿಲ್ಲ."