ಕೆಸರಿನ ಗಾಲಿ, ಕೊಳದ ನೀರು

ಕುರುಗೋಡಿನ ನಮ್ಮ ಶಾಲೆಯಲ್ಲಿ ಒಂದು ದಿನ ಉಸಿರಾಟದ ಪಾಠ ಮಾಡುತ್ತಿದ್ದೆ. ಮೀನು ತನ್ನ ಕಿವಿರುಗಳಿಂದ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಮನುಷ್ಯನ ಶ್ವಾಸಕೋಶಕ್ಕೆ ಅದು ಸಾಧ್ಯವಿಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

'ಸರ್, ಹಂಗಾದ್ರೆ ದುರ್ಯೋಧನ ಕೊಳದಾಗ ಹೆಂಗ ಕುಂತಿದ್ದ?'

ಹಿಂದಿನ ರಾತ್ರಿ ಅವನ ಊರಿನಲ್ಲಿ ಬಯಲಾಟವಿತ್ತಂತೆ. ನಿದ್ದೆಗೆಟ್ಟ ಕಣ್ಣುಗಳು ಇನ್ನೂ ಕೆಂಪಗಿದ್ದವು. ತರಗತಿಯೆಲ್ಲ ನಕ್ಕಿತು. 'ಜಲಮಂತ್ರ ನಮ್ಮ ಸಿಲಬಸ್ಸಿನಾಗಿಲ್ಲಪ್ಪ, ಕೂಡು' ಎಂದು ನಾನೂ ನಕ್ಕು ತಪ್ಪಿಸಿಕೊಂಡೆ.

ಆದರೆ ಸಂಜೆ ಬಳ್ಳಾರಿಯ ಬಸ್ಸಿನಲ್ಲಿ ಕುಳಿತಾಗ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆಂದರೆ ನಾನೂ ಒಂದು ಕಾಲಕ್ಕೆ ಮುಖಕ್ಕೆ ಬಣ್ಣ ಹಚ್ಚಿದವನೇ. ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ವರ್ಷ ಸಿರುಗುಪ್ಪದ ಹತ್ತಿರದ ನಮ್ಮ ಹಳ್ಳಿಯಲ್ಲಿ ಆಟ ಕಲಿತೆವು. ಕರ್ಣನ ಪಾರ್ಟು ನನ್ನದು, ದುರ್ಯೋಧನನ ಪಾರ್ಟು ನನ್ನ ಬಾಲ್ಯದ ಗೆಳೆಯನದು. ಭುಜಕೀರ್ತಿ ಕಟ್ಟಿಕೊಂಡು ಅವನು ಅಟ್ಟದ ಮೇಲೆ ಹೆಜ್ಜೆ ಹಾಕಿದರೆ ಹಲಗೆಗಳು ನಡುಗುತ್ತಿದ್ದವು.

ಕರ್ಣನನ್ನು ದಾನಿ ಎಂದೂ ದುರ್ಯೋಧನನನ್ನು ಹಟಮಾರಿ ಎಂದೂ ನಾವು ಬೇರೆ ಬೇರೆ ಸಾಲಿನಲ್ಲಿ ಕೂರಿಸುತ್ತೇವೆ. ಪಂಪನೂ ಸತ್ಯಕ್ಕೆ ಕರ್ಣನನ್ನು, ಛಲಕ್ಕೆ ದುರ್ಯೋಧನನನ್ನು ನೆನೆಯಬೇಕೆಂದ. ಆದರೆ ಅವರು ಬಿದ್ದ ಬಗೆಯನ್ನು ಜೋಡಿಸಿ ನೋಡಿ. ಹಸುವನ್ನು ಕಳೆದುಕೊಂಡ ಬ್ರಾಹ್ಮಣನೊಬ್ಬ, ನಿನ್ನ ರಥದ ಗಾಲಿಯನ್ನು ಭೂಮಿ ನುಂಗಲಿ ಎಂದು ಕರ್ಣನಿಗೆ ಶಾಪ ಕೊಟ್ಟಿದ್ದ. ಬುದ್ಧಿ ಹೇಳಲು ಬಂದ ಮೈತ್ರೇಯ ಋಷಿಯ ಮುಂದೆ ತೊಡೆ ತಟ್ಟಿದ ದುರ್ಯೋಧನನಿಗೆ ಅದೇ ತೊಡೆ ಮುರಿಯುವ ಶಾಪ. ಒಬ್ಬನನ್ನು ಮಣ್ಣು ಹಿಡಿಯಿತು, ಇನ್ನೊಬ್ಬನನ್ನು ನೀರು ಕಾಯಲಿಲ್ಲ. ಒಬ್ಬ ಗಾಲಿ ಎತ್ತುವಾಗ ಬಾಣ ತಿಂದ, ಇನ್ನೊಬ್ಬ ಸೊಂಟದ ಕೆಳಗೆ ಹೊಡೆಯಬಾರದೆಂಬ ನಿಯಮವಿದ್ದ ಕಾಳಗದಲ್ಲಿ ತೊಡೆಗೆ ಏಟು ತಿಂದ. ಇಬ್ಬರಿಗೂ ಬದುಕಿ ಉಳಿಯುವ ದಾರಿ ಕಡೆಯವರೆಗೂ ತೆರೆದೇ ಇತ್ತು. ಇಬ್ಬರೂ ಅದನ್ನು ಬೇಡವೆಂದರು.

ಇದೆಲ್ಲ ಹೊರಗಿನ ಹೋಲಿಕೆ. ಒಳಗೆ ಇನ್ನೊಂದಿದೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಿದಾಗ ಕರ್ಣ ಒಂದು ಮಾತು ಒಪ್ಪಿಕೊಳ್ಳುತ್ತಾನೆ. ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾದ ಮಾತುಗಳನ್ನಾಡಿದೆ, ಈಗ ಅದಕ್ಕಾಗಿ ಬೇಯುತ್ತಿದ್ದೇನೆ ಎನ್ನುತ್ತಾನೆ. ಎಷ್ಟು ದೊಡ್ಡ ಮಾತು! ಆದರೆ ಹೇಳಿದ್ದು ಯಾರಿಗೆ? ಕೃಷ್ಣನಿಗೆ. ಹೇಳಬೇಕಾಗಿದ್ದುದು ಗೆಳೆಯನಿಗೆ.

ಇನ್ನು ದುರ್ಯೋಧನ. ಹತ್ತನೇ ಶತಮಾನದ ರನ್ನನ 'ಗದಾಯುದ್ಧ'ವನ್ನು ಬಿ.ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಗ್ರೀಕರ ದುರಂತ ನಾಟಕಗಳ ಅಚ್ಚಿನಲ್ಲಿ ರಂಗಕ್ಕೆ ತಂದರು. ಆ ಕಾವ್ಯದಲ್ಲಿ ರಣರಂಗದಲ್ಲಿ ಹೆಣಗಳ ನಡುವೆ ನಡೆದುಬರುವ ದುರ್ಯೋಧನ ಕರ್ಣನ ಶವದ ಮುಂದೆ ಅಳುತ್ತಾನೆ. ಅಳುತ್ತ, ನೀನು ಯಾರ ಮಗನೆಂಬುದು ನನಗೆ ಗೊತ್ತಿತ್ತು ಎನ್ನುತ್ತಾನೆ. ಅಂದರೆ ರನ್ನನ ದುರ್ಯೋಧನನಿಗೆ ಎಲ್ಲ ತಿಳಿದಿತ್ತು. ಬದುಕಿದ್ದಾಗ ಅದನ್ನು ಗೆಳೆಯನಿಗೆ ಹೇಳದೆ ಹೆಣದ ಮುಂದೆ ಹೇಳಿದ. ಇಬ್ಬರೂ ಸ್ನೇಹ ಉಳಿಸಿಕೊಳ್ಳಲು ಬಾಯಿ ಕಟ್ಟಿಕೊಂಡರು. ಇಬ್ಬರನ್ನೂ ಮುಳುಗಿಸಿದ್ದು ಆ ಮೌನವೇ ಎಂದು ನನಗೆ ತೋರುತ್ತದೆ. ಗಾಳಿಯ ತಡೆಯಿಲ್ಲದಿದ್ದರೆ ಭಾರದ ಗುಂಡೂ ಹಗುರದ ಗುಂಡೂ ಒಂದೇ ವೇಗದಲ್ಲಿ ಬೀಳುತ್ತವೆಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ದಾನಿಯೂ ಹಟಮಾರಿಯೂ ಹಾಗೆಯೇ ಬಿದ್ದರು. ತಡೆಯಬೇಕಾದ ಗೆಳೆಯ ತಡೆಯಲಿಲ್ಲ.

ಇಷ್ಟೆಲ್ಲ ತಿಳಿದ ನಾನು ಮಾಡಿದ್ದೇನು? ನನ್ನ ಬಿ.ಎಡ್. ಫೀಜು ಕಟ್ಟಿದ್ದು ಅದೇ ಗೆಳೆಯ, ಭತ್ತ ಮಾರಿದ ದುಡ್ಡಿನಿಂದ. ಆ ಋಣದ ಅನ್ನವನ್ನೇ ಇಂದಿಗೂ ಉಣ್ಣುತ್ತಿದ್ದೇನೆ. ಅವನ ಅಪ್ಪ ಸಾಯುವ ಮುಂಚೆ, ಕಾಲುವೆ ಪಕ್ಕದ ಎರಡು ಎಕರೆ ಗದ್ದೆ ಚಿಕ್ಕವನಿಗೆ ಎಂದು ಹೇಳಿದ್ದನ್ನು ನಾನು ಅದೇ ಕಟ್ಟೆಯ ಮೇಲೆ ಕುಳಿತು ಕಿವಿಯಾರೆ ಕೇಳಿದ್ದೆ. ಆಮೇಲೆ ಗೆಳೆಯ ಆ ಗದ್ದೆ ಬಿಟ್ಟುಕೊಡಲಿಲ್ಲ. ಅಣ್ಣ ತಮ್ಮಂದಿರು ಕೋರ್ಟು ಹತ್ತಿದರು. ಹನ್ನೊಂದು ವರ್ಷ ವಾಯಿದೆಯ ಮೇಲೆ ವಾಯಿದೆ. ವಾಯಿದೆಗೆ ಬಳ್ಳಾರಿಗೆ ಬಂದಾಗಲೆಲ್ಲ ಗೆಳೆಯ ಉಳಿಯುತ್ತಿದ್ದುದು ನಮ್ಮ ಮನೆಯಲ್ಲೇ. ಖರ್ಚಿಗೆಂದು ಬೇರೆ ಹೊಲ ಮಾರಿದ. ರಾತ್ರಿ ಅವನು ಮಲಗಿದ ಮೇಲೆ ನಾನು ಹೆಂಡತಿಯ ಹತ್ತಿರ, 'ಇವನದು ತಪ್ಪು' ಎನ್ನುತ್ತಿದ್ದೆ. ಬೆಳಿಗ್ಗೆ ಎದ್ದು ಅವನನ್ನು ಕೋರ್ಟಿನ ಬಾಗಿಲವರೆಗೆ ಬಿಟ್ಟು ಬರುತ್ತಿದ್ದೆ.

ಹುಡುಗನ ಪ್ರಶ್ನೆ ಬಂದ ವಾರ, ಭಾನುವಾರ, ಸಿರುಗುಪ್ಪದ ಬಸ್ಸು ಹತ್ತಿದೆ. ಗೆಳೆಯ ಗದ್ದೆಯಲ್ಲಿದ್ದ. ಮಳೆ ಬಂದು ನಿಂತಿತ್ತು. ನಮ್ಮ ಎರೆಮಣ್ಣಿನ ಕೆಸರು ಗೊತ್ತಲ್ಲ, ಒಂದು ಹೆಜ್ಜೆ ಇಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಬದುವಿನ ಮೇಲೆ ನಿಂತೇ ಹೇಳಿದೆ: 'ಅವತ್ತು ನಿಮ್ಮಪ್ಪ ಅಂದಿದ್ದು ನಾನೂ ಕೇಳೀನಿ. ಆ ಗದ್ದಿ ನಿನ್ನ ತಮ್ಮಂದು. ನೀ ಮಾಡಿದ್ದು ತಪ್ಪು. ಹೇಳದ ಇದ್ದದ್ದು ನಂದೂ ತಪ್ಪು.'

ಅವನು ಬಹಳ ಹೊತ್ತು ಮಾತಾಡಲಿಲ್ಲ. ಬೈಯ್ಯುತ್ತಾನೆಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. 'ಹನ್ನೊಂದು ವರ್ಷ ಬೇಕಾತೇನೋ ಇದಕ್ಕ?' ಎಂದಷ್ಟೇ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಕರೆದೊಯ್ದು ಊಟ ಹಾಕಿಸಿದ. ಗದ್ದೆಯ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ವಾಯಿದೆಗೆ ಅವನು ಹೋಗುತ್ತಾನೋ, ತಮ್ಮನ ಮನೆಗೆ ಹೋಗುತ್ತಾನೋ, ಈ ಸಾಲು ಬರೆಯುವಾಗಲೂ ನಾನರಿಯೆ.

ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಟ್ಟ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಅಂದ: 'ಲೇ ಮೇಷ್ಟ್ರೇ, ಕರ್ಣನ ಪಾರ್ಟಿನಾಗ ನೀ ದಿನಾ ತಾಳ ತಪ್ಪತಿದ್ದಿ. ನಾನೂ ಹೇಳಿರಲಿಲ್ಲ.'

ಅಷ್ಟು ವರ್ಷಗಳ ನಮ್ಮ ಸ್ನೇಹದಲ್ಲಿ ಅಂದು ಮೊದಲ ಸಲ ಇಬ್ಬರೂ ನಿಜ ಹೇಳಿದ್ದೆವು. ಬಸ್ಸು ಬಳ್ಳಾರಿಯತ್ತ ತಿರುಗಿತು.