ನಾನೆಂಬುದು ದೂರವಾದಾಗ

ಧನವು ಹೋದರೆ ಗಳಿಸಬಹುದು, ಮಿತ್ರನು ಮುನಿದರೆ ಒಲಿಸಿಕೊಳ್ಳಬಹುದು. 'ನಾನು' ಎಂಬುದೇ ದೂರ ಸರಿದಂತಾದರೆ ಅದನ್ನು ಹುಡುಕಹೊರಡುವವರಾರು? ಕೆಲವು ವರ್ಷಗಳ ಹಿಂದೆ ನನಗೆ ಇಂತಹ ಸಂಕಟವೊಂದು ಒದಗಿತು. ಕನ್ನಡಿಯಲ್ಲಿನ ಮುಖವು ನನ್ನದೆಂದು ಬುದ್ಧಿಗೆ ತಿಳಿದಿತ್ತು; ಮನಸ್ಸು ಮಾತ್ರ ಅದನ್ನು ಅಪರಿಚಿತನ ಮುಖದಂತೆ ನೋಡುತ್ತಿತ್ತು. ಅನ್ನ ಕಲಸುವ ಕೈ ಯಾರದೋ ಎಂಬಂತಿತ್ತು. ಮಗಳು 'ಅಪ್ಪಾ' ಎಂದು ಕರೆದರೆ ಆ ದನಿ ಗಾಜಿನ ಗೋಡೆಯಾಚೆಯಿಂದ ಬಂದಂತಾಗುತ್ತಿತ್ತು. ಅವಳ ಮೇಲಣ ವಾತ್ಸಲ್ಯವೂ ಬತ್ತಿತೇನೋ ಎಂಬ ಶಂಕೆಯೇ ನನ್ನನ್ನು ಹೆಚ್ಚಾಗಿ ಕಾಡಿದುದು.

ಬಂಧುಗಳಾದ ಹಿರಿಯರೊಬ್ಬರು, "ಇದು ವೇದಾಂತಿಗಳು ಹೇಳುವ ಸಾಕ್ಷಿಭಾವವಲ್ಲವೇನಯ್ಯಾ? ಪುಣ್ಯವಂತ ನೀನು" ಎಂದರು. ಸಾಕ್ಷಿಗೆ ಶಾಂತಿಯುಂಟು, ನನಗಿದ್ದುದು ನಡುಕ.

ಮನೋವೈದ್ಯರು ನಗಲಿಲ್ಲ, ಬೆರಗಾಗಲೂ ಇಲ್ಲ. ಈ ಸ್ಥಿತಿಗೆ ಡೀಪರ್ಸನಲೈಸೇಷನ್ ಎಂಬ ಹೆಸರುಂಟೆಂದೂ, 1898ರಲ್ಲಿ ಫ್ರಾನ್ಸಿನ ಲೂಡೊವಿಕ್ ದ್ಯುಗಾ ಎಂಬ ವಿದ್ವಾಂಸರು ಆ ಮಾತನ್ನು ಅಮಿಯೆಲ್ ಎಂಬ ಸ್ವಿಸ್ ಲೇಖಕನ ದಿನಚರಿಯಿಂದ ಎತ್ತಿಕೊಂಡು ಬಳಸಿದರೆಂದೂ ತಿಳಿಸಿದರು. "ಚಿತ್ತಭ್ರಮೆಯಾದವನು ತನ್ನ ಭ್ರಮೆಯನ್ನು ನಂಬುತ್ತಾನೆ, ನೀವು 'ಹಾಗೆ ತೋರುತ್ತದೆ' ಎನ್ನುತ್ತೀರಿ. ಆ ಮಾತಿನಲ್ಲಿಯೇ ನಿಮ್ಮ ವಿವೇಕವು ಉಳಿದಿದೆ" ಎಂದರು. ಕಳವಳವೂ ನಿದ್ರಾಭಂಗವೂ ಮಿತಿಮೀರಿದಾಗ ಮನಸ್ಸು ಭಾವಗಳ ಬಾಗಿಲನ್ನು ಮುಚ್ಚಿಕೊಳ್ಳುವುದುಂಟಂತೆ. ಮುಚ್ಚಿದುದನ್ನು ಕಂಡು ನಾವು ಅಂಜುತ್ತೇವೆ. ಅಂಜಿದಷ್ಟೂ ಬಾಗಿಲು ಬಿಗಿಯುತ್ತದೆ.

ಅವರು ಕ್ಲೊನಜೆಪಾಮ್ ಎಂಬ ಗುಳಿಗೆಯನ್ನು ಅಲ್ಪ ಪ್ರಮಾಣದಲ್ಲಿ, ಕೆಲವು ವಾರಗಳ ಮಟ್ಟಿಗೆ ಕೊಟ್ಟರು. 1960ರಲ್ಲಿ ಬಳಕೆಗೆ ಬಂದ ಲಿಬ್ರಿಯಂ, 1963ರ ವೇಲಿಯಂ ಇವುಗಳ ಕುಲಕ್ಕೆ ಸೇರಿದ ಔಷಧವಿದು. "ಇದು ಅಂಜಿಕೆಯನ್ನು ತಗ್ಗಿಸೀತು, ನಿಮ್ಮನ್ನು ನಿಮಗೆ ಒಪ್ಪಿಸುವ ಗುಳಿಗೆ ಇನ್ನೂ ಹುಟ್ಟಿಲ್ಲ" ಎಂದು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಗಾಜು ಒಡೆಯಲಿಲ್ಲ, ಅದನ್ನು ಕಂಡು ಎದೆ ಹೊಡೆದುಕೊಳ್ಳುವುದು ತಗ್ಗಿತು. ಮುಂಜಾನೆ ಕೊಂಚ ಮಂಪರಿದ್ದರೂ ರಾತ್ರಿ ನಿದ್ರೆ ಬರತೊಡಗಿತು. ಗಳಿಗೆಗೊಮ್ಮೆ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳುವ ಚಟವು ಕುಗ್ಗಿದಂತೆಲ್ಲ ತಣ್ಣೀರಿನ ಸ್ಪರ್ಶ, ಒಗ್ಗರಣೆಯ ಘಮ, ಮನೆಮಂದಿಯ ಮಾತು ಒಂದೊಂದಾಗಿ ಹತ್ತಿರ ಬಂದುವು. ಮಗಳಿಗೆ ಜ್ವರ ಬಂದ ರಾತ್ರಿ ಅವಳ ಹಣೆಯ ಮೇಲಿದ್ದ ಕೈ ನನ್ನದೇ ಆಗಿತ್ತು. ವಾತ್ಸಲ್ಯವು ಬತ್ತಿರಲಿಲ್ಲ, ಭಯದ ಹಿಂದೆ ಮರೆಯಾಗಿತ್ತು.

ಈ ಗುಳಿಗೆಗೆ ದೇಹವು ಒಗ್ಗಿಹೋಗುವ ಅಪಾಯವಿದೆ. ಥಟ್ಟನೆ ಬಿಟ್ಟರೆ ನಡುಕ, ನಿದ್ರಾನಾಶ, ಕೆಲವರಿಗೆ ಸೆಳವು ಕೂಡ ಬರಬಹುದು. ಆದುದರಿಂದ ವೈದ್ಯರು ನನಗೆ ಅದನ್ನು ಮೆಲ್ಲಮೆಲ್ಲನೆ ಇಳಿಸಿ ಬಿಡಿಸಿದರು. ನೆರೆಮನೆಯ ಡಬ್ಬಿಯಿಂದ ಕಡ ತರುವ ವಸ್ತುವಲ್ಲ ಇದು.

ವಾಚಕರೆ, ನಿಮ್ಮ ಮನೆಯಲ್ಲಿ ಯಾರಾದರೂ "ನಾನು ನಾನಾಗಿಲ್ಲ" ಎಂದರೆ ನಗಬೇಡಿ, ವೇದಾಂತವನ್ನೂ ಹೇಳಬೇಡಿ. ಅವರ ಜತೆಗೂಡಿ ವೈದ್ಯರಲ್ಲಿಗೆ ಹೋಗಿ.